ಪಿಯಾನೊ ದೊರೆಯ ಮನೆಯಲ್ಲಿ ಏನು ಸಾರು?

ಹೋದ ತಿಂಗಳು ಲೀನಾ ಫೋನ್ ಮಾಡಿ, ಅಪ್ಪ ಹೋಗಿಬಿಟ್ಟರು ಕಣೇ ಎಂದಳು. ತುಂಬಿದ ವಯಸ್ಸು, ನಿದ್ದೆಯಲ್ಲೇ ಹೋದರಂತೆ. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಅವಳು, ನಿಮ್ಮಜ್ಜಿ ಕಳಿಸಿದ ಉಪ್ಸಾರನ್ನು ಅಪ್ಪ ಪಿಯಾನೊ ತಿರುಪುಳಿಯಲ್ಲಿ ಕೆದಕಿ ಕೆದಕಿ ನೋಡುತ್ತಿದ್ದದ್ದು ನಿನಗೆ ಹೇಳಿದ್ದೆನಾ ಎಂದು ಕೇಳಿದ್ದೇ ತಡ, ಅಳುತ್ತಿದ್ದವರಿಗೆ ನಗು ಬಂತು. ಸತ್ತವರ ಮನೆಯ ಫೋನಿನಲ್ಲಿ ಹಾಗೆ ನಗುವುದು ಸರಿಯಲ್ಲ. ಆದರೆ ಆ ಮನುಷ್ಯನನ್ನು ಬರೀ ಅಳುತ್ತ ನೆನೆಯುವುದು ನಮ್ಮಿಬ್ಬರಿಗೂ ಸಾಧ್ಯವಿರಲಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ನಮ್ಮ ಮನೆ ಮೈಸೂರಿನ ನಜರ್‌ಬಾದಿನಲ್ಲಿ. ಬೀದಿಯ ತುದಿಗೆ ನಮ್ಮಪ್ಪನ ಸೈಕಲ್ ಷಾಪು. ಪಕ್ಕದ ಹೆಂಚಿನ ಮನೆಗೆ ಬಾಡಿಗೆಗೆ ಬಂದವರು ಇವರು, ಲೀನಾಳ ಅಪ್ಪ. ಬಾಗಿಲಿಗೆ ತಲೆ ಬಡಿಸಿಕೊಳ್ಳದೆ ಒಂದು ದಿನವೂ ಒಳಗೆ ಹೋಗಲಾರದಷ್ಟು ಎತ್ತರ. ಬೇಸಿಗೆಯಲ್ಲೂ ಕೋಟು. ಕಸುಬು ಪಿಯಾನೊ ಶ್ರುತಿ ಮಾಡುವುದು. ಜೊತೆಗೆ ನನ್ನದೇ ವಯಸ್ಸಿನ ಮಗಳು, ಲೀನಾ. ಅವರು ಹುಟ್ಟಿ ಬೆಳೆದದ್ದು ರಷ್ಯಾದ ಒಂದು ಬಂದರು ಊರಿನಲ್ಲಿ, ಕಮ್ಯುನಿಸ್ಟರ ಆಳ್ವಿಕೆಯಲ್ಲಿ. ಯುದ್ಧದ ಗಲಾಟೆಯಲ್ಲಿ ಇರಾನಿನ ಮಾರ್ಗವಾಗಿ ತಪ್ಪಿಸಿಕೊಂಡು ಬೊಂಬಾಯಿಗೆ ಬಂದು, ಅಲ್ಲಿ ಹೆಂಡತಿಯನ್ನು ಕಳೆದುಕೊಂಡು, ಮೈಸೂರಿನಲ್ಲಿ ಪಿಯಾನೊಗಳಿವೆ ಎಂದು ಯಾರೋ ಹೇಳಿದ್ದನ್ನು ನಂಬಿ ಇಲ್ಲಿಗೆ ಬಂದಿದ್ದರು. ಪಿಯಾನೊಗಳೇನೋ ಇದ್ದವು. ದೊಡ್ಡವರ ಮನೆಯ ಹಜಾರಗಳಲ್ಲಿ ಅವುಗಳ ಮೇಲೆ ಹೂದಾನಿ, ಬೆಳ್ಳಿ ಚೌಕಟ್ಟಿನ ಫೋಟೋ ಇಟ್ಟಿದ್ದರು. ನುಡಿಸುವವರಿಲ್ಲದ ಮೇಲೆ ಶ್ರುತಿ ಮಾಡಿಸುವವರು ಯಾರು? ಕಡೆಗೆ ಅಪ್ಪ ಮಗಳ ಹೊಟ್ಟೆ ಹೊರೆದದ್ದು ಭಜನೆ ಮಂಡಲಿಗಳ ಹಾರ್ಮೋನಿಯಂ ರಿಪೇರಿ.

ಬೀದಿಯವರು ಅವರನ್ನು ಪಿಯಾನೊ ದೊರೆ ಎಂದು ಕರೆದರು. ಬಿಳಿಯ ಚರ್ಮ ಕಂಡರೆ ದೊರೆ ಎನ್ನುವ ಚಾಳಿ ಬ್ರಿಟಿಷರು ಹೋದ ಮೇಲೂ ನಮ್ಮನ್ನು ಬಿಟ್ಟಿರಲಿಲ್ಲ. ಅವರಿಗೆ ಮಾತ್ರ ಆ ಶಬ್ದ ಕಿವಿಗೆ ಬಿದ್ದರೆ ಮೈ ಬೆವರುತ್ತಿತ್ತು. ನಮ್ಮ ಊರಿನಲ್ಲಿ ದೊರೆ ಎಂದು ಕರೆಸಿಕೊಂಡವರಿಗೆ ಗುಂಡು ಹೊಡೆಯುತ್ತಾರೆ ಎಂದು ಅವರು ನಮ್ಮಪ್ಪನಿಗೆ ವಿವರಿಸಿದರು.

"ಇಲ್ಲಿ ಬಾಡಿಗೆ ಜಾಸ್ತಿ ಕೇಳ್ತಾರೆ ಅಷ್ಟೇ, ಬುಡಿ" ಅಂದ ಅಪ್ಪ.

ಅವರ ತಲೆಯಲ್ಲಿ ಇದ್ದ ಸಿದ್ಧಾಂತ ಒಂದೇ. ಮಗು ಹೆತ್ತವರದು. ಸರ್ಕಾರದ್ದಲ್ಲ, ಶಾಲೆಯದಲ್ಲ, ಬೀದಿಯದಲ್ಲ. ಮಗುವಿನ ವಿಷಯದಲ್ಲಿ ಏನೇ ಆಗಬೇಕಾದರೂ ಮೊದಲು ತಂದೆಯನ್ನು ಕೇಳಬೇಕು. ಮೂರನೆಯವನು ಬಂದು ನಿಮ್ಮ ಮಗುವಿನ ತಲೆ ಸವರಿದರೆ, ಆ ತಲೆಯೊಳಗಿಂದ ಏನು ತೆಗೆದುಕೊಂಡು ಹೋದ ನೋಡಿ, ಎನ್ನುವುದು ಅವರು ಆಗಾಗ ಆಡುತ್ತಿದ್ದ ಮಾತು. ಪುಸ್ತಕ ಓದಿ ಕಲಿತ ಕನ್ನಡದಲ್ಲಿ, ಒಂದೊಂದೇ ಶಬ್ದವನ್ನು ಶ್ರುತಿ ನೋಡಿ ಇಟ್ಟ ಹಾಗೆ ಆಡುತ್ತಿದ್ದರು.

ಲೀನಾಳನ್ನು ನಮ್ಮ ಶಾಲೆಗೆ ಸೇರಿಸಲು ಬಂದ ದಿನ ಹೆಡ್‌ಮೇಷ್ಟ್ರ ಮುಂದೆ ಇನ್ನೊಬ್ಬ ತಂದೆಯೂ ಇದ್ದ. ಅವನು ಎಲ್ಲರೂ ಹೇಳುವಂತೆ, "ಕಣ್ಣೆರಡು ಬುಟ್ಟು ಮಿಕ್ಕಿದ್ದೆಲ್ಲ ನಿಮಗೇ ಸೇರಿದ್ದು ಸಾ, ಎಂಗಾರ ಬಡೀರಿ, ಬುದ್ಧಿ ಬಂದ್ರೆ ಸಾಕು" ಎಂದು ಮಗನನ್ನು ಒಪ್ಪಿಸಿ ಹೋದ. ಪಿಯಾನೊ ದೊರೆ ಮುಂದೆ ಬಂದು, ತಮ್ಮ ಮಗಳ ಕಿವಿ ಹಿಂಡುವ ಹಕ್ಕು ಇಡೀ ಭೂಮಿಯ ಮೇಲೆ ತಮಗೊಬ್ಬರಿಗೇ ಇದೆ, ಆ ಹಕ್ಕನ್ನು ತಾವು ಈವರೆಗೆ ಉಪಯೋಗಿಸಿಲ್ಲ, ಯಾರಿಗೂ ಬಾಡಿಗೆಗೂ ಕೊಡುವುದಿಲ್ಲ ಎಂದು ತಿಳಿಸಿದರು. ಹೆಡ್‌ಮೇಷ್ಟ್ರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ಮೇಷ್ಟ್ರ ಕೈ ಸಾಲಾಗಿ ಕಿವಿಗಳನ್ನು ಹಿಂಡುತ್ತ ಬಂದು ಲೀನಾ ಹತ್ತಿರ ಒಂದು ಕಿವಿ ಹಾರಿಸಿ ನನ್ನದಕ್ಕೆ ಬರುತ್ತಿತ್ತು. ಅವಳ ಪಾಲೂ ನನಗೇ ಬಿದ್ದ ಹಾಗೆ ಉರಿಯುತ್ತಿತ್ತು.

ಸಿಡುಬಿನ ಚುಚ್ಚುಮದ್ದಿನವನು ಬಂದಾಗಲೂ ಹೀಗೇ. ಅವನ ಟೋಪಿ ಕಂಡರೆ ಬೀದಿಯ ತಾಯಂದಿರು ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿ ಕದ ಹಾಕಿಕೊಳ್ಳುತ್ತಿದ್ದರು. ಇವರು ಮಾತ್ರ ಬಾಗಿಲಲ್ಲಿ ನಿಂತು, ನನ್ನನ್ನು ಕೇಳಿ ಎಂದರು. ಏನು ಕೇಳಬೇಕು ಎಂದು ಅವನಿಗೆ ತೋಚಲಿಲ್ಲ. ಕೇಳುವ ಪದ್ಧತಿಯೇ ಆ ಕೆಲಸದಲ್ಲಿ ಇರಲಿಲ್ಲ. ಕೊನೆಗೆ, ನಿಮ್ಮ ಮಗಳಿಗೆ ಹಾಕಲಾ ಸ್ವಾಮಿ ಎಂದ. ದಯವಿಟ್ಟು ಹಾಕಿ, ನನಗೂ ಹಾಕಿ ಎಂದು ಇವರು ಕೋಟಿನ ತೋಳು ಮಡಿಸಿ ಕೂತರು. ತನ್ನ ಜೀವಮಾನದಲ್ಲಿ ಅಂಥ ಮರ್ಯಾದೆ ಕಾಣದ ಆ ಮನುಷ್ಯ ಅವರ ಮನೆಯಲ್ಲಿ ಟೀ ಕುಡಿದು ಹೋದ.

ಇಷ್ಟರಲ್ಲೇ ನಿಂತಿದ್ದರೆ ಅವರು ನಮ್ಮ ಬೀದಿಗೆ ಒಂದು ತಮಾಷೆಯಾಗಿ ಉಳಿದುಬಿಡುತ್ತಿದ್ದರು. ಆದರೆ ಪಕ್ಕದ ಜಗಲಿಯ ಮೇಲೆ ನಮ್ಮಜ್ಜಿ ಇದ್ದಳು.

ನಮ್ಮ ಕಡೆ ಮಕ್ಕಳನ್ನು ಮಾತಾಡಿಸುವ ಕ್ರಮ ಎಲ್ಲರಿಗೂ ಗೊತ್ತು. ಚೆನ್ನಾಗಿದ್ದೀಯಾ ಎಂದು ಮಗುವನ್ನು ಯಾರೂ ಕೇಳುವುದಿಲ್ಲ. ನಿಮ್ಮನೇಲಿ ಇವತ್ತು ಏನು ಸಾರು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಬಂದರೆ ಮನೆಗೆ ಯಾರು ಬಂದಿದ್ದರು, ನಿಮ್ಮಪ್ಪ ಎಲ್ಲಿಗೆ ಹೋದ, ರಾತ್ರಿ ಅಷ್ಟು ಹೊತ್ತು ದೀಪ ಯಾಕೆ ಉರೀತಿತ್ತು, ಹೀಗೆ ಒಂದರ ಹಿಂದೊಂದು. ಕೇಳಿದವರಿಗೆ ಉತ್ತರದಿಂದ ಆಗಬೇಕಾದದ್ದು ಏನೂ ಇರುವುದಿಲ್ಲ. ಮಗುವನ್ನು ಮುದ್ದು ಮಾಡಿದ ಹಾಗಾಯಿತು, ಅಷ್ಟೇ. ಈ ವಿದ್ಯೆಯಲ್ಲಿ ಕಡಕೊಳದ ಕಡೆಯ ಹಳ್ಳಿಯಿಂದ ಬಂದ ನಮ್ಮಜ್ಜಿಯನ್ನು ಮೀರಿಸುವವರಿರಲಿಲ್ಲ. ಶಾಲೆಗೆ ಹೋಗುವ ಮಕ್ಕಳ ಸಾಲು ಅವಳ ಜಗಲಿ ದಾಟುವಷ್ಟರಲ್ಲಿ ಬೀದಿಯ ಒಲೆಗಳ ಮೇಲೆ ಬೇಯುತ್ತಿದ್ದದ್ದೆಲ್ಲ ಅವಳಿಗೆ ಗೊತ್ತಾಗುತ್ತಿತ್ತು.

ಲೀನಾಳನ್ನೂ ಕೇಳಿದಳು. "ಅಪ್ಪನ್ನ ಕೇಳಿ" ಅಂದಳು ಲೀನಾ.

ಅಜ್ಜಿಗೆ ಹುಟ್ಟಿದಾರಭ್ಯ ಯಾವ ಮಗುವೂ ಹಾಗೆ ಹೇಳಿರಲಿಲ್ಲ. ಮಾರನೆಯ ದಿನ ಮತ್ತೆ ಕೇಳಿದಳು. ಅದೇ ಉತ್ತರ. ಇದಕ್ಕೆ ಅವಳಿಗೆ ಹೊಳೆದ ಅರ್ಥ ಒಂದೇ: ಆ ಮನೆಯಲ್ಲಿ ಸಾರೇ ಇಲ್ಲ. ಒಲೆ ಉರಿಯದ ಮನೆಯ ಮಗು ಇನ್ನೇನು ಹೇಳೀತು? ತಾಯಿಯಿಲ್ಲದ ಕೂಸು, ಮಾನಕ್ಕೆ ಅಂಜಿ ಹಸಿವನ್ನು ನುಂಗಿಕೊಂಡಿದೆ. ಅಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಒಂದು ಪಾತ್ರೆಯಲ್ಲಿ ಉಪ್ಸಾರು, ತಟ್ಟೆಯಲ್ಲಿ ಮುದ್ದೆ ಇಟ್ಟು ನನ್ನ ಕೈಲಿ ಕಳಿಸಿದಳು.

ಪಿಯಾನೊ ದೊರೆಗೂ ಹೊಳೆದ ಅರ್ಥ ಒಂದೇ. ಮೊದಲು ಪ್ರಶ್ನೆ, ಆಮೇಲೆ ಲಂಚ. ತಿರುಪುಳಿಯಿಂದ ಕೆದಕಿ, ಮಗಳಿಗೆ ಕೊಡುವ ಮೊದಲು ತಾವು ಉಂಡು, ಗಡಿಯಾರ ನೋಡುತ್ತ ಕೂತರಂತೆ. ಉಪ್ಸಾರಿನ ಖಾರಕ್ಕೆ ಕಣ್ಣು ಮೂಗಿನಲ್ಲಿ ನೀರು ಕಿತ್ತುಕೊಂಡಾಗ ಇದು ವಿಷವೇ ಎಂಬ ಸಂಶಯ ಖಾತ್ರಿಯಾಯಿತು. ಅರ್ಧ ಗಂಟೆ ಕಳೆದರೂ ಸಾಯಲಿಲ್ಲ. ಇನ್ನೂ ಸ್ವಲ್ಪ ಇದೆಯಾ ಎಂದು ಪಾತ್ರೆಯ ತಳ ನೋಡಿದರು ಅನ್ನುತ್ತಾಳೆ ಲೀನಾ.

ಪಾತ್ರೆಯನ್ನು ಥಳಥಳ ಬೆಳಗಿ ವಾಪಸು ಕಳಿಸಿದರು. ಬರಿದಾಗಿ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು, ಏನಿಲ್ಲದಿದ್ದರೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು ಎನ್ನುವುದು ಆ ಬಡಪಾಯಿಗೆ ಯಾರು ಹೇಳಿಕೊಟ್ಟಿದ್ದರು? ಅಜ್ಜಿ ಪಾತ್ರೆಯೊಳಗೆ ಬಗ್ಗಿ ನೋಡಿ, "ಅಯ್ಯೋ ಸಿವನೇ, ಚಿಟಿಕೆ ಸಕ್ಕರೆಗೂ ಗತಿ ಇಲ್ವಲ್ಲ" ಎಂದು ಬೀದಿಗೆಲ್ಲ ಸಾರಿದಳು. ಅವತ್ತಿನಿಂದ ಎಲ್ಲ ಮನೆಗಳಿಂದಲೂ ಹೋಗತೊಡಗಿತು. ಹುಳಿ, ಬಸ್ಸಾರು, ಮಜ್ಜಿಗೆಹುಳಿ, ಹಬ್ಬವಿದ್ದರೆ ಒಬ್ಬಟ್ಟು. ಎಲ್ಲ ಪಾತ್ರೆಗಳೂ ಥಳಥಳ ಬೆಳಗಿ, ಬರಿದಾಗಿ ಬಂದವು. ಪಾತ್ರೆ ಬರಿದಾಗಿ ಬಂದಷ್ಟೂ ನಮ್ಮವರ ಕರುಣೆ ಉಕ್ಕಿತು. ಕರುಣೆ ಉಕ್ಕಿದಷ್ಟೂ ಅವರ ನಿದ್ದೆ ಹಾರಿತು.

ಒಂದು ದಿನ ಅವರು ಅಪ್ಪನ ಷಾಪಿಗೆ ಬಂದರು. ನಾನು ಒಳಗೆ ಹಳೇ ಟ್ಯೂಬುಗಳ ಮೇಲೆ ಕೂತಿದ್ದೆ. ಅವರು ಹಿಂದೆ ಮುಂದೆ ನೋಡಿ, ಧ್ವನಿ ತಗ್ಗಿಸಿ, ನಿಮ್ಮ ತಾಯಿಯವರು ಇದನ್ನೆಲ್ಲ ಯಾರಿಗೆ ತಿಳಿಸುತ್ತಾರೆ ಎಂದು ಕೇಳಿದರು.

"ಎಲ್ರಿಗೂ ಯೋಳ್ತಾಳೆ" ಅಂದ ಅಪ್ಪ.

ಅವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಒಬ್ಬ ಅಧಿಕಾರಿ, ಒಂದು ಕಚೇರಿ ಎಂದಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಎಲ್ಲರಿಗೂ ಎಂದರೆ ಏನು ಮಾಡುವುದು? ಆಮೇಲೆ ಅವರು ಅಪ್ಪನಿಗೆ ಒಂದು ಸಂಗತಿ ಹೇಳಿದರು. ಅವರು ನಮ್ಮಷ್ಟಿದ್ದಾಗ ಅವರ ಶಾಲೆಗೆ ಒಬ್ಬ ಹೊಸ ಟೀಚರ್ ಬಂದಿದ್ದಳು. ತುಂಬ ಒಳ್ಳೆಯವಳು, ಮಕ್ಕಳ ತಲೆ ಸವರುವಳು. ಒಂದು ದಿನ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, ನಿಮ್ಮ ಮನೆಗೆ ಯಾರು ಬರುತ್ತಾರೆ, ಅಪ್ಪ ಏನು ಮಾತಾಡುತ್ತಾರೆ ಎಂದು ಕೇಳಿದಳು. ಇವರು ಎಲ್ಲರಿಗಿಂತ ಮುಂದೆ ಕೈ ಎತ್ತಿ ಹೇಳಿದರು. ಅಪ್ಪನ ಸ್ನೇಹಿತರು ಬರುತ್ತಾರೆ, ಸರ್ಕಾರ ಕೆಟ್ಟದ್ದು ಎಂದು ಮಾತಾಡಿಕೊಳ್ಳುತ್ತಾರೆ, ಅಪ್ಪ ಬಹಳ ಚೆನ್ನಾಗಿ ಅಣಕಿಸಿ ನಗಿಸುತ್ತಾರೆ. ಟೀಚರ್ ಜಾಣ ಎಂದಳು. ಅದೇ ವಾರ ಪೊಲೀಸರು ಬಂದು ಅವರ ತಂದೆಯನ್ನು ಕರೆದುಕೊಂಡು ಹೋದರು. ಮತ್ತೆ ಕಾಣಲಿಲ್ಲ.

ನಮ್ಮಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು. ನಮ್ಮ ಬೀದಿಯಲ್ಲಿ ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳಬಲ್ಲವನು ಅವನೊಬ್ಬನೇ. ನನಗೂ ಬಾಯಿ ಬಿಡಬೇಡ ಅಂದ. ನಾನೂ ಬಿಡಲಿಲ್ಲ, ಅಜ್ಜಿ ಎಷ್ಟು ಕೆದಕಿದರೂ.

ಎದುರು ಮನೆಯಲ್ಲಿ ಕಂದಾಯ ಇಲಾಖೆಯ ರಿಟೈರ್ಡ್ ಶೇಕ್‌ದಾರರೊಬ್ಬರಿದ್ದರು. ಮಠಕ್ಕೆ ನಡೆದುಕೊಳ್ಳುವವರು, ದಿನಾ ವಿಭೂತಿ ಧರಿಸಿ ಪೂಜೆ ಮಾಡಿದ ಮೇಲೆಯೇ ಕಾಫಿ. ಕಾಫಿಯಾದ ಮೇಲೆ ರಷ್ಯಾ. ಅಲ್ಲಿಂದ ಬರುತ್ತಿದ್ದ ನುಣುಪು ಕಾಗದದ ಪತ್ರಿಕೆಯೊಂದನ್ನು ಅವರು ತರಿಸುತ್ತಿದ್ದರು. ಅವರು ಓದಿ ಮುಗಿಸಿದ ಮೇಲೆ ಅದು ಬೀದಿಯ ಮಕ್ಕಳ ಪುಸ್ತಕಗಳಿಗೆ ಬೈಂಡ್ ಆಗುತ್ತಿತ್ತು. ನನ್ನ ಗಣಿತದ ಪುಸ್ತಕದ ಮೇಲೆ ಕೆಂಪು ಸ್ಕಾರ್ಫಿನ ಮಕ್ಕಳು ಸಾಲಾಗಿ ನಗುತ್ತಿದ್ದರು. ನಾನು ಲೀನಾ ಜೊತೆ ಓದಲು ಹೋದಾಗಲೆಲ್ಲ ಪಿಯಾನೊ ದೊರೆ ಬಂದು ಆ ಪುಸ್ತಕವನ್ನು ಕವುಚಿ ಇಟ್ಟು ಹೋಗುತ್ತಿದ್ದರು.

ಶೇಕ್‌ದಾರರು ಸುಮ್ಮನೆ ಮರುಗುವ ಜನ ಅಲ್ಲ, ಕಾರ್ಯ ಮಾಡುವವರು. ತಮಗೆ ಗೊತ್ತಿದ್ದ ಕಮಿಟಿಯವರನ್ನು ಹಿಡಿದು ಹೆಣ್ಣುಮಕ್ಕಳ ಫ್ರೀ ಹಾಸ್ಟೆಲೊಂದರಲ್ಲಿ ಲೀನಾಗೆ ಸೀಟು ಕೊಡಿಸಿಯೇ ಬಿಟ್ಟರು. ಊಟ, ಬಟ್ಟೆ, ವಿದ್ಯೆ ಎಲ್ಲ ಉಚಿತ. ತಂದೆ ತಿಂಗಳಿಗೊಮ್ಮೆ ಬಂದು ನೋಡಬಹುದು. ಒಂದು ಭಾನುವಾರ ಬೆಳಿಗ್ಗೆ ಈ ಶುಭ ಸಮಾಚಾರ ತಿಳಿಸಲು ಹೊರಟರು. ಜೊತೆಗೆ ನಮ್ಮಜ್ಜಿ. ಅವಳ ಹಿಂದೆ ನಾನು. ಏನೋ ಅನಾಹುತವಾದೀತೆಂದು ಅಪ್ಪನೂ ಷಾಪು ಬಿಟ್ಟು ಬಂದ.

ಶೇಕ್‌ದಾರರು ಕುರ್ಚಿಯಲ್ಲಿ ಕೂತು ವಿಷಯ ಹೇಳಿದರು. ಹೇಳಿ, ಒಂದು ಉಪದೇಶವನ್ನೂ ಸೇರಿಸಿದರು. "ನೀವು ಸಂಕೋಚ ಪಡಬಾರದು. ನಿಮ್ಮ ದೇಶದಲ್ಲೇ ನೋಡಿ, ಮಕ್ಕಳೆಲ್ಲ ಸರ್ಕಾರದ ಸ್ವತ್ತು. ತಂದೆತಾಯಿಗೆ ಯಾವ ಚಿಂತೆಯೂ ಇಲ್ಲ. ನಿಮಗೆ ಗೊತ್ತಿದೆಯೋ ಇಲ್ಲವೋ."

"ನನಗೆ ಗೊತ್ತಿದೆ" ಎಂದರು ಅವರು.

ಶೇಕ್‌ದಾರರು ಲೀನಾಳ ಕಡೆ ತಿರುಗಿ, ಬೆಳಿಗ್ಗೆ ಏನು ತಿಂದೆ ಮಗು ಎಂದು ಕೇಳಿದರು. ಅವಳು ಅಪ್ಪನ ಮುಖ ನೋಡಿದಳು, ತುಟಿ ಬಿಗಿದುಕೊಂಡಳು. ನಿನ್ನೆ ಏನು ತಿಂದೆ? ಅದಕ್ಕೂ ಇಲ್ಲ. ಶೇಕ್‌ದಾರರು, ನೋಡಿದಿರಾ ಎನ್ನುವಂತೆ ನಮ್ಮ ಕಡೆ ತಲೆ ಆಡಿಸಿದರು. ಅಜ್ಜಿ ಸೆರಗು ಹುಡುಕಿದಳು. ಪಿಯಾನೊ ದೊರೆ ಮಂಚದ ಕೆಳಗಿನಿಂದ ಟ್ರಂಕು ಎಳೆದು, ಮಗಳ ಲಂಗಗಳನ್ನು ಅದರೊಳಗೆ ತುರುಕತೊಡಗಿದರು. ಬೊಂಬಾಯಿಗೋ ಎಲ್ಲಿಗೋ, ಈ ಊರು ಬಿಡುವುದೇ ಸರಿ. ನಮ್ಮಪ್ಪ ಹತ್ತಿರ ಹೋದ. ಅವರು ತಲೆ ಎತ್ತದೆ, ಅವಳು ಹೇಳಿದರೆ ನನ್ನನ್ನು ಕರೆದುಕೊಂಡು ಹೋಗುತ್ತಾರೆ, ಹೇಳದಿದ್ದರೆ ಅವಳನ್ನು ಕರೆದುಕೊಂಡು ಹೋಗುತ್ತಾರೆ ಎಂದರು. ಲೀನಾ ಹೋಗಿಬಿಡುತ್ತಾಳೆ ಎಂದು ನನಗೂ ಅಳು ಬಂತು.

"ಇಲ್ಲಿ ಯಾರೂ ಬರ್ಕೊಳಲ್ಲ ದೊರೆ" ಅಂದ ಅಪ್ಪ. "ನಮ್ಮವ್ವಂಗೆ ಬರೆಯೋಕೂ ಬರಲ್ಲ. ಇವರು ಕೇಳ್ತಿರೋದು ಸಾರು ಕಣ್ರೀ. ಮಗೂಗೆ ಯೋಳೋಕೆ ಬುಡಿ, ಒಂದ್ಸಲ."

ಅವರು ಟ್ರಂಕಿನ ಮುಚ್ಚಳ ಹಾಕಿದರು. ಆಮೇಲೆ ಮಗಳ ಕಡೆ ನೋಡಿ, "ಹೇಳು" ಎಂದರು.

ಲೀನಾ ಹೇಳಿದಳು. ಬೆಳಿಗ್ಗೆ ಗಂಜಿ, ಬ್ರೆಡ್ಡು. ಮಧ್ಯಾಹ್ನ ಬೀಟ್‌ರೂಟ್ ಸಾರು. ದಿನಾ ಬೀಟ್‌ರೂಟ್ ಸಾರೇ. ಅಪ್ಪ ಅನ್ನ ಸೀಸುತ್ತಾರೆ, ಸೀದದ್ದನ್ನು ತಾವೇ ತಿನ್ನುತ್ತಾರೆ. ಅಜ್ಜಿ ಮನೆಯಿಂದ ಸಾರು ಬಂದರೆ ನಮ್ಮ ಸಾರು ನಾಯಿಗೆ. ನಾಯಿ ಬೀಟ್‌ರೂಟ್ ಮುಟ್ಟುವುದಿಲ್ಲ. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಆದರೆ ಅವಳು ಬಂದಾಗಿನಿಂದ ಕಟ್ಟಿಕೊಂಡಿದ್ದದ್ದು ಒಂದೇ ಸಲ ಒಡೆದಿತ್ತು. ಅಪ್ಪ ಬಚ್ಚಲಲ್ಲಿ ಹಾಡುತ್ತಾರೆ. ಅಪ್ಪನ ಒಂದು ಹಲ್ಲು ಕಟ್ಟಿಸಿದ್ದು, ಮಲಗುವಾಗ ಲೋಟದಲ್ಲಿಡುತ್ತಾರೆ. ಅಮ್ಮನ ಫೋಟೋ ಜೊತೆ ಜಗಳ ಆಡುತ್ತಾರೆ, ಆಮೇಲೆ ಅವರೇ ಸೋಲುತ್ತಾರೆ. ಶೇಕ್‌ದಾರ್ ತಾತನಿಗೆ ಕಾಲಿನ ಹಾರ್ಮೋನಿಯಂ ಅಂತ ಹೆಸರಿಟ್ಟಿದ್ದಾರೆ, ಗಾಳಿ ಜಾಸ್ತಿ, ಸ್ವರ ಒಂದೇ ಅಂತ.

ನಮ್ಮಪ್ಪ ಕೆಮ್ಮಿದ. ಶೇಕ್‌ದಾರರು ಹೆಗಲ ವಲ್ಲಿಯನ್ನು ಸರಿಮಾಡಿಕೊಂಡರು. ಪಿಯಾನೊ ದೊರೆ ಮಾತ್ರ ಬೀದಿಬಾಗಿಲನ್ನೇ ನೋಡುತ್ತಿದ್ದರು. ಹಾಲಿನವಳ ಎಮ್ಮೆಯೊಂದು ಹಾದುಹೋಯಿತು. ಬೇರೆ ಯಾರೂ ಬರಲಿಲ್ಲ.

"ಬೀಟ್ರೂಟ್‌ಗೆ ಉಣಸೆಹಣ್ಣು ಆಕಕಿಲ್ವಾ?" ಅಂದಳು ಅಜ್ಜಿ.

ಅವರು ಅಜ್ಜಿಯನ್ನು ದಿಟ್ಟಿಸಿ ನೋಡಿದರು. ಆಮೇಲೆ ನಗತೊಡಗಿದರು. ಅವರು ನಕ್ಕದ್ದನ್ನು ನಾವು ಅದುವರೆಗೆ ನೋಡಿರಲಿಲ್ಲ. ಟ್ರಂಕಿನ ಮೇಲೆ ಕೂತು, ಕೋಟಿನ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಕ್ಕರು. ಶೇಕ್‌ದಾರರು ಎದ್ದು, ಹಾಸ್ಟೆಲಿನ ಸೀಟು ಬೇರೆ ಯಾರಿಗಾದರೂ ಆದೀತು ಎಂದು ಹೊರಟರು. ಪಾಪ, ಅವರು ಕೆಟ್ಟವರಲ್ಲ. ಸ್ವಲ್ಪ ದಿನ ಮಾತು ಬಿಟ್ಟಿದ್ದರು, ಆಮೇಲೆ ಮತ್ತೆ ರಷ್ಯಾದ ವಿಷಯ ಇವರಿಗೆ ಹೇಳಿಕೊಡಲು ಶುರುಮಾಡಿದರು.

ಶೇಕ್‌ದಾರರು ಅತ್ತ ಹೋದ ಮೇಲೆ ಪಿಯಾನೊ ದೊರೆ ಅಜ್ಜಿಯ ಎದುರು ನೆಲದ ಮೇಲೆ ಕೂತು, ಒಂದು ಪ್ರಶ್ನೆ ಇದೆ ಅಜ್ಜಿಯವರೇ ಎಂದರು. ಇಲ್ಲಿ ಮೇಷ್ಟ್ರು ಕಿವಿ ಹಿಂಡುತ್ತಾರೆ, ನೀವು ಅನ್ನ ಹಾಕುತ್ತೀರಿ, ಶೇಕ್‌ದಾರರು ಹಾಸ್ಟೆಲಿಗೆ ಸೇರಿಸುತ್ತಾರೆ. ಹಾಗಾದರೆ ಹೆತ್ತವರ ಹಕ್ಕು ಅಂತ ನಿಮ್ಮಲ್ಲಿ ಇರುವುದು ಯಾವುದು?

ಅಜ್ಜಿ ಇದನ್ನು ಎಂದೂ ಯೋಚಿಸಿದವಳಲ್ಲ. ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಗುವವರೆಗೆ ಯೋಚಿಸಿದಳು.

"ಬದುಕಿರೋಗಂಟ ಏನೂ ಇಲ್ಲ ಕಣಪ್ಪ. ಸತ್ತಮ್ಯಾಕೆ ವರ್ಸಕ್ಕೊಂದು ಎಡೆ. ಅದನ್ನ ಮಾತ್ರ ಯಾರೂ ತಪ್ಸಂಗಿಲ್ಲ. ನಿಮ್ಮಪ್ಪಂಗೆ ಯಾವತ್ತು ಇಡ್ತೀರಿ?"

ಅವರ ನಗು ನಿಂತಿತು. ಇಟ್ಟಿಲ್ಲ ಎಂದರು. ಯಾವ ದಿನ ಎಂದು ಗೊತ್ತಿಲ್ಲ. ನಮಗೆ ಯಾರೂ ತಿಳಿಸಲಿಲ್ಲ ಎಂದು ಮತ್ತೆ ಕೋಟಿನ ತೋಳಿನಲ್ಲಿ ಕಣ್ಣು ಒರೆಸಿಕೊಂಡರು.

ಅಜ್ಜಿಗೆ ಆ ಕಥೆ ಗೊತ್ತಿರಲಿಲ್ಲ. ಯಾರು ಕರೆದುಕೊಂಡು ಹೋದರು, ಯಾಕೆ, ಯಾರು ಹೇಳಿಕೊಟ್ಟರು ಎಂದು ಅವಳು ಕೇಳಬಹುದಾಗಿತ್ತು. ಲೋಕವನ್ನೆಲ್ಲ ಕೇಳುತ್ತಿದ್ದವಳು ಅದೊಂದನ್ನು ಕೇಳಲಿಲ್ಲ.

"ಅದಕ್ಯಾಕಪ್ಪ ಅಳ್ತೀಯಾ. ದಿನ ಗೊತ್ತಿಲ್ದೋರಿಗೇ ಅಂತ್ಲೇ ಮಾಲಯದ ಅಮಾಸೆ ಇರೋದು. ನಮ್ಮೋರ ಜೊತೇಲೇ ಇಟ್ರಾಯ್ತು."

"ಏನು ಇಷ್ಟ ಅವರ್ಗೆ?" ಎಂದು ಅವಳೇ ಕೇಳಿದಳು.

ಅವರು ಒಂದೊಂದೇ ನೆನಪು ಮಾಡಿಕೊಂಡು ಹೇಳಿದರು. ಉಪ್ಪು ಮೀನು. ಕಪ್ಪು ಹಿಟ್ಟಿನ ರೊಟ್ಟಿ. ಹಸಿ ಈರುಳ್ಳಿ. ಹಾಲಿಲ್ಲದ ಟೀ, ಹಲ್ಲಿನ ನಡುವೆ ಸಕ್ಕರೆ ಗಡ್ಡೆ ಕಚ್ಚಿಕೊಂಡು. ಅಜ್ಜಿಗೆ ಬಹಳ ಸಮಾಧಾನವಾಯಿತು. ರಾಗಿ ರೊಟ್ಟಿ, ಒಣಮೀನು, ಈರುಳ್ಳಿ, ಎಲ್ಲ ನಮ್ಮ ಮಾವನ ಊಟವೇ ಅಲ್ಲವಾ ಎಂದಳು.

ಆ ವರ್ಷದ ಮಹಾಲಯ ಅಮಾವಾಸ್ಯೆಯ ದಿನ ಅವರು ಕೋಟು ಹಾಕಿ, ತಲೆ ಬಾಚಿ, ಮಗಳ ಕೈ ಹಿಡಿದು ನಮ್ಮ ಮನೆಗೆ ಬಂದರು. ನಡುಮನೆಯಲ್ಲಿ ನಮ್ಮ ಹಿರಿಯರ ಎಲೆಗಳ ಸಾಲಿನ ಕೊನೆಯಲ್ಲಿ ಅಜ್ಜಿ ಇನ್ನೊಂದು ಎಲೆ ಹಾಕಿದ್ದಳು. ರಾಗಿ ರೊಟ್ಟಿ, ಒಣಮೀನಿನ ಸಾರು, ಈರುಳ್ಳಿ, ಒಂದು ಲೋಟ ಕರೀ ಟೀ, ಪಕ್ಕದಲ್ಲಿ ಕಲ್ಲುಸಕ್ಕರೆ. ಎಡೆ ಇಟ್ಟ ಮೇಲೆ ಹಿರಿಯರನ್ನು ಹೆಸರು ಹಿಡಿದು ಕರೆದು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿಕೊಂಡು ಹೊರಗೆ ಕಾಯುವುದು ನಮ್ಮಲ್ಲಿ ಪದ್ಧತಿ. ಅಪ್ಪ ನಮ್ಮ ತಾತ ಮುತ್ತಾತಂದಿರನ್ನು ಕರೆದ. ಆಮೇಲೆ ಎಲ್ಲರೂ ಅವರ ಕಡೆ ನೋಡಿದೆವು.

ಅವರು ಮೊದಲು ತುಟಿಯೊಳಗೇ ಏನೋ ಅಂದುಕೊಂಡರು.

"ಗಟ್ಟಿಯಾಗಿ ಕರಿಯಪ್ಪ" ಅಂದಳು ಅಜ್ಜಿ. "ದೂರದಿಂದ ಬರ್ಬೇಕು ಅವ್ರು."

ಅವರು ತಮ್ಮ ಭಾಷೆಯಲ್ಲಿ, ತಂದೆಯ ಹೆಸರು ಹಿಡಿದು, ಗಟ್ಟಿಯಾಗಿ ಕರೆದರು. ಇನ್ನೊಂದು ಸಲ ಕರೆದರು, ಬೀದಿಗೆಲ್ಲ ಕೇಳುವ ಹಾಗೆ. ಎದುರು ಮನೆಯ ಕಿಟಕಿ ತೆರೆಯಿತು, ಮುಂದಿನ ಮನೆಯವರು ಜಗಲಿಗೆ ಬಂದರು, ಪಿಯಾನೊ ದೊರೆ ಯಾರನ್ನೂ ತಿರುಗಿ ನೋಡಲಿಲ್ಲ. ಅಜ್ಜಿ ಬಾಗಿಲು ಎಳೆದುಕೊಂಡಳು. ನಾವು ಜಗಲಿಯ ಮೇಲೆ ಸಾಲಾಗಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಹಸಿದಿದ್ದ ನಾನು, ಬಾಗಿಲು ತೆಗೆಯೋಣವಾ ಎಂದು ಕೇಳಿದೆ. ಇನ್ನೊಂದು ಗಳಿಗೆ ಇರು, ಅಷ್ಟು ದೂರದಿಂದ ಬಂದಿದ್ದಾರೆ, ನಿಧಾನವಾಗಿ ಉಣ್ಣಲಿ ಎಂದಳು ಅಜ್ಜಿ.